ಭಾನುವಾರದ ಐವತ್ತನಾಲ್ಕು

ಸಾಹೇಬರು ಪುಟ ತಿರುವುವ ಮುನ್ನ ತೋರುಬೆರಳನ್ನು ನಾಲಿಗೆಗೆ ಒತ್ತುತ್ತಿದ್ದರು. ಒತ್ತಿದ ಬೆರಳನ್ನು ಪುಟದ ಮೂಲೆಗೆ ಇಟ್ಟು ತಿರುವುತ್ತಿದ್ದರು, ಸಹಿ ಹಾಕುತ್ತಿದ್ದರು; ಮತ್ತೆ ನಾಲಿಗೆ, ಮತ್ತೆ ಮೂಲೆ, ಮತ್ತೆ ಸಹಿ. ಆಸ್ಪತ್ರೆಯ ಹದಿನಾಲ್ಕು ಗಾಡಿಗಳಿಗೆ, ದಿನದಿನದ ಕಿಲೋಮೀಟರ್ ಬರೆದಿಡುವ ಹದಿನಾಲ್ಕು ಓಟದ ಪುಸ್ತಕ. ಹನ್ನೊಂದು ವರ್ಷದಿಂದ ಪ್ರತಿ ಸೋಮವಾರ ಬೆಳಿಗ್ಗೆ ಇದೇ ಪೂಜೆ. ಮೇಜಿನ ಈಚೆ ನಿಂತು ಒಂದೊಂದೇ ಪುಸ್ತಕ ಮುಂದೆ ಸರಿಸುವುದು ಪುಸ್ತಕದಕ್ಕನ ಕೆಲಸ. ಶೆಡ್ಡಿನ ಡ್ರೈವರುಗಳು ಇಟ್ಟ ಹೆಸರು ಅದು. ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಪುಸ್ತಕಗಳ ಬಲಮೂಲೆಗಳೆಲ್ಲ ಕಂದುಬಣ್ಣಕ್ಕೆ ತಿರುಗಿ, ಉಬ್ಬಿ, ಒಣಗಿದ ತುಟಿಯ ಹಾಗೆ ಸಿಪ್ಪೆ ಎದ್ದಿದ್ದವು. ಅವಳು ಅವನ್ನು ಎಡಮೂಲೆಯಿಂದ ಹಿಡಿದೇ ಎತ್ತುತ್ತಿದ್ದಳು.

ಆ ಸೋಮವಾರ ಸಾಹೇಬರ ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು. ಡೀಸೆಲ್ ಗಾಡಿಗಳನ್ನು ಬಿಟ್ಟು ವಿದ್ಯುತ್ ಗಾಡಿ ತರುವ ಯೋಜನೆ ಬರೆಯಲು ಬಂದಾಕೆ. ಕತ್ತರಿಸಿದ ಕೂದಲು, ತೊಡೆಯ ಮೇಲೆ ಲ್ಯಾಪ್‌ಟಾಪ್, ಮೂವತ್ತು ದಾಟದ ವಯಸ್ಸು. ಎರಡು ತಿಂಗಳಿಂದ ಪುಸ್ತಕಗಳ ಫೋಟೋ ತೆಗೆದು ತೆಗೆದು ಅಂಕಿ ಕೂಡಿಸಿದ್ದಳು.

"ಮೇಡಂ, ನೀವೇನಾ ಇದನ್ನ ಬರೆಯೋದು?" ಎಂದು ಎದ್ದು ನಿಂತಳು. "ಇಷ್ಟು ಶಿಸ್ತಿನ ಪುಸ್ತಕ ನಾನು ಎಲ್ಲೂ ನೋಡಿಲ್ಲ. ಬೇರೆ ಕಡೆ ಒಂದು ದಿನ ಇನ್ನೂರು, ಒಂದು ದಿನ ಮೂವತ್ತು, ತಲೆ ಕೆಟ್ಟುಹೋಗುತ್ತೆ. ನಿಮ್ಮದು ನೋಡಿ, ಎಪ್ಪತ್ತೊಂಬತ್ತು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು. ಬ್ಯಾಟರಿ ಎಷ್ಟು ದೊಡ್ಡದಿರಬೇಕು ಅನ್ನೋದು ಐದು ನಿಮಿಷದಲ್ಲಿ ಗೊತ್ತಾಗೋಯ್ತು. ಒಂದು ಚಾರ್ಜಿಗೆ ನೂರಹತ್ತು ಓಡೋ ಸಣ್ಣ ಗಾಡಿ ಸಾಕು. ಶೆಡ್ಡಲ್ಲಿ ರಾತ್ರಿ ಹಾಕಿಟ್ರೆ ಮುಗೀತು."

"ನಮ್ಮಲ್ಲಿ ಎಲ್ಲಾ ಪದ್ಧತಿ ಪ್ರಕಾರ," ಎಂದರು ಸಾಹೇಬರು, ಬೆರಳು ನಾಲಿಗೆಯ ಮೇಲಿದ್ದಂತೆಯೇ.

ಪುಸ್ತಕದಕ್ಕನ ಬಾಯಿಗೆ ಹುಳಿನೀರು ಬಂತು. ನುಂಗಿಕೊಂಡಳು.

ಆ ಎಪ್ಪತ್ತೊಂಬತ್ತನ್ನು ಹೆತ್ತವಳು ಅವಳೇ. ಒಂದು ಗಾಡಿ ದಿನಕ್ಕೆ ಎಂಬತ್ತು ಕಿಲೋಮೀಟರ್ ದಾಟಿದರೆ ಕಾರಣ ಬರೆದು ಮೂರು ಸಹಿ ತರಬೇಕು, ತರುವ ತನಕ ಮಾರನೆಯ ದಿನ ಗಾಡಿ ಗೇಟು ದಾಟುವಂತಿಲ್ಲ ಎಂದು ಯಾವ ಕಾಲದಲ್ಲೋ ಯಾರೋ ನಿಯಮ ಮಾಡಿದ್ದರು. ಹನ್ನೊಂದು ವರ್ಷದ ಹಿಂದೆ ಒಂದು ಬುಧವಾರ ಹೀಗೇ ಸಹಿ ಬಾರದೆ ಡಯಾಲಿಸಿಸ್ ಗಾಡಿ ಗೇಟಿನೊಳಗೇ ನಿಂತಿತು. ಏಳು ಜನ ರೋಗಿಗಳು ತಂತಮ್ಮ ಬಾಗಿಲಲ್ಲಿ ಚೀಲ ಹಿಡಿದು ಮಧ್ಯಾಹ್ನದವರೆಗೂ ಕಾದರು. ಒಬ್ಬರಿಗೆ ಸಂಜೆಯ ಹೊತ್ತಿಗೆ ಉಸಿರು ಕಟ್ಟಿತು. ಆಗ ಅವಳು ಡ್ರೈವರನ್ನು ಕರೆದು, "ಸೋಮ ಬುಧ ಶುಕ್ರ ಎಷ್ಟೇ ಓಡಲಿ ಮಾಮ, ಎಪ್ಪತ್ತೊಂಬತ್ತು ಅಂತ ಬರೆಯೋಣ. ಮಿಕ್ಕಿದ್ದು ಓಡದ ದಿನಕ್ಕೆ ಹಂಚೋಣ. ವಾರದ ಕೊನೆಗೆ ಮೀಟರ್ ಸರಿಹೋದರಾಯ್ತು," ಎಂದಿದ್ದಳು. ದಯೆಯಿಂದ ಹುಟ್ಟಿದ್ದು ಅದು. ಆದರೆ ದಯೆಗೂ ಹುಳ ಹತ್ತುತ್ತದೆ. ಆರು ತಿಂಗಳಲ್ಲಿ ಹದಿನಾಲ್ಕು ಗಾಡಿಗೂ ಅದೇ ರೋಗ ಅಂಟಿತು. ಡಯಾಲಿಸಿಸ್ ಗಾಡಿ ವಾರಕ್ಕೆ ಮೂರು ದಿನ ನೂರ ಇಪ್ಪತ್ತಾರು ಓಡುತ್ತಿತ್ತು, ಮೂರು ದಿನ ಊರೊಳಗೆ ಐವತ್ತು. ಪುಸ್ತಕದಲ್ಲಿ ಮಾತ್ರ ಆರು ದಿನ ಎಪ್ಪತ್ತೊಂಬತ್ತು. ಭಾನುವಾರ, ಶೆಡ್ಡಿಗೆ ಬೀಗ ಬಿದ್ದು ಬೆಕ್ಕು ಬಾನೆಟ್ಟಿನ ಮೇಲೆ ಮಲಗಿರುವ ಭಾನುವಾರ, ಐವತ್ತನಾಲ್ಕು.

ಈಗ ಆ ಸುಳ್ಳಿನ ಅಳತೆ ಹಿಡಿದು ಗಾಡಿ ಹೊಲಿಯುತ್ತಿದ್ದರು.

"ಖರೀದಿ ಕಡತ ಶುಕ್ರವಾರ ಮೂರು ಗಂಟೆಗೆ ದೊಡ್ಡ ಡಾಕ್ಟರ ಸಹಿಗೆ ಹೋಗುತ್ತೆ," ಎಂದರು ಸಾಹೇಬರು. "ಹೊಸದು ಬಂದ ದಿನವೇ ಹಳೇದೆಲ್ಲ ಗುಜರಿಗೆ."

ಹಳೆಯದೂ ಇಲ್ಲ, ಹೊಸದು ಸಾಲದು. ನೂರಹತ್ತಕ್ಕೆ ಉಸಿರು ಬಿಡುವ ಗಾಡಿ ಸಂಜೆ ಎಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಮೇಜಿನ ಮುಂದೆಯೇ ಕಣ್ಣಿಗೆ ಕಟ್ಟಿತು. ನೀರಿನ ಟ್ಯಾಂಕಿನ ಏರು. ಏರಿನ ಮೇಲೆ ಮೇಲಿನ ಕಾಲೊನಿ. ಅಲ್ಲಿ ಕೊನೆಯ ಮೂರು ರೋಗಿಗಳು; ಮೂರನೆಯವಳು ಅವಳ ಸ್ವಂತ ತಂಗಿ.

ಬುಧವಾರ ಮಧ್ಯಾಹ್ನ ಅವಳು ಆಸ್ಪತ್ರೆಯ ಹಿಂದಿನ ಅಂಗಳಕ್ಕೆ ಹೋದಳು. ಡಯಾಲಿಸಿಸ್ ಗಾಡಿ ಎಂದಿನಂತೆ ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಆತು ನಿಂತಿತ್ತು. ಒಳಗಿಂದ ಹಬೆಯ, ಸೋಪಿನ, ಅದರಡಿ ಇನ್ನೂ ಹೋಗದ ರಕ್ತದ ವಾಸನೆ. ಡ್ರೈವರ್ ಮಾಮ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಿದ್ದ. ಅರವತ್ತಕ್ಕೆ ಹದಿನಾಲ್ಕು ತಿಂಗಳು ಬಾಕಿ ಇದ್ದ ಮನುಷ್ಯ. ಮೀಸೆಗೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

"ಬಾರಮ್ಮಾ ಶಿಸ್ತಿನ ರಾಣಿ. ನಿನ್ನ ಪುಸ್ತಕಕ್ಕೆ ಬಹುಮಾನ ಕೊಡ್ತಾರಂತೆ?"

"ನಗಬೇಡ ಮಾಮ. ಅದು ಏರು ಹತ್ತಲ್ಲ."

"ಹೇಗೆ ಹತ್ತುತ್ತೆ? ಕರ್ಕೊಂಡು ಬರೋಕೆ ಅರವತ್ತಮೂರು, ಬಿಟ್ಟು ಬರೋಕೆ ಅರವತ್ತಮೂರು. ಟ್ಯಾಂಕಿನ ಹತ್ರ ನಿಲ್ಲುತ್ತೆ. ಇಳಿದು ತಳ್ಳೋಣ ಬಿಡು. ತಳ್ಳೋರು ಯಾರು? ಆಗ ತಾನೇ ಮೈಯಿಂದ ರಕ್ತ ತೆಗೆದು ತೊಳೆದು ಹಾಕಿಸ್ಕೊಂಡು ಬಂದೋರು. ಒಳ್ಳೇ ವ್ಯಾಯಾಮ."

"ನಿಜವಾದ ಓಟ ಎಲ್ಲಾದ್ರೂ ಬರೆದಿಟ್ಟಿದೀಯಾ?"

ಮಾಮ ಬಿಸ್ಕತ್ತು ಬಾಯಿಗಿಡದೆ ಅವಳನ್ನು ನೋಡಿದ. ತುದಿ ಕಳಚಿ ಲೋಟದೊಳಗೆ ಮುಳುಗಿತು.

"ಆಯಿಲ್ ಬದಲಾಯಿಸೋದು ನಿನ್ನ ಪುಸ್ತಕ ನೋಡಿ ಅಂದ್ಕೊಂಡ್ಯಾ? ಸಾಹೇಬರಿಗೆ ಸುಳ್ಳು ಹೇಳಬಹುದು ಕಣಮ್ಮಾ, ಎಂಜಿನ್ನಿಗೆ ಆಗಲ್ಲ." ಅವನು ಎದ್ದು ಸೀಟಿನ ಅಡಿಯಿಂದ ಒಂದು ಸುರುಳಿ ತೆಗೆದ. ಹರಿದ ಕ್ಯಾಲೆಂಡರ್ ಹಾಳೆಗಳು. ಪ್ರತಿ ತಾರೀಕಿನ ಚೌಕದಲ್ಲೂ ಪೆನ್ಸಿಲಿನ ಸಣ್ಣ ಅಂಕಿ: ನೂರ ಇಪ್ಪತ್ತಾರು, ಐವತ್ತು, ನೂರ ಇಪ್ಪತ್ತೇಳು. ಭಾನುವಾರಗಳ ಚೌಕ ಖಾಲಿ. "ತೋರಿಸ್ದೆ, ಆಯ್ತಲ್ಲ?" ಎಂದು ಮತ್ತೆ ಸೀಟಿನಡಿಗೆ ತುರುಕಿದ. "ಇದನ್ನ ಕೇಳಬೇಡ. ಇದರಲ್ಲಿ ನಿನ್ನ ಕುತ್ತಿಗೆ ಒಂದೇ ಇಲ್ಲ, ನಂದೂ ಇದೆ."

ಮೂರು ಗಂಟೆಗೆ ರೋಗಿಗಳು ಬಂದರು. ತಂಗಿ ಎಲ್ಲರಿಗಿಂತ ಹಿಂದೆ, ಗೋಡೆ ಸವರುತ್ತಾ. ಎಡ ಮುಂಗೈಯ ಉಬ್ಬಿದ ನರದ ಮೇಲೆ ಹೊಸ ಪಟ್ಟಿ. ದಿನಕ್ಕೆ ಮೂರು ಲೋಟ ನೀರಷ್ಟೇ ಕುಡಿಯಬಹುದಾದವಳು. ನಾಲಿಗೆ ಒಣಗಿದ್ದರೂ ಮಾತಿಗೆ ಬರವಿರಲಿಲ್ಲ.

"ಅಕ್ಕಾ, ಮುಖ ಯಾಕೆ ಹಾಗಿದೆ? ನನ್ನ ರಕ್ತ ನಿನಗೆ ಹಾಕಿದ್ರಾ?"

"ಸುಮ್ನೆ ಬಂದೆ ಕಣೇ."

"ನೀನು ಸುಮ್ನೆ ಬರೋಳಲ್ಲ." ಗಾಡಿ ಹತ್ತಲು ಮಾಮನ ಹೆಗಲು ಹಿಡಿದು, ಮೆಟ್ಟಿಲ ಮೇಲೆ ನಿಂತು ಒಂದು ಕ್ಷಣ ಕಣ್ಣು ಮುಚ್ಚಿದಳು. "ಹೊಸ ಗಾಡಿ ಶಬ್ದವೇ ಮಾಡಲ್ವಂತೆ. ನಿದ್ದೆ ಮಾಡ್ಕೊಂಡು ಹೋಗಬಹುದು ಅಂತ ಎಲ್ಲರೂ ಖುಷಿಯಾಗಿದೀವಿ."

ಅಕ್ಕ ಗಾಡಿಯ ಬಾಗಿಲು ಮುಚ್ಚಿದಳು.

ಗುರುವಾರ ಅವಳು ಸಾಹೇಬರ ಕೋಣೆಗೆ ಹೋದಳು. ಕಿಟಕಿಯ ಮೇಲೆ ಒದ್ದೆ ಟವೆಲ್, ಕಡತಗಳ ಮೇಲೆ ಚಹಾದ ಒಣಗಿದ ಉಂಗುರಗಳು, ತಟ್ಟೆಯಲ್ಲಿ ಹಲ್ಲು ಕೆದಕಿದ ಕಡ್ಡಿ. ಅವಳು ನಿಂತೇ ಎಲ್ಲ ಹೇಳಿದಳು. ಎಪ್ಪತ್ತೊಂಬತ್ತನ್ನು ಹೇಳಿದಳು, ಭಾನುವಾರವನ್ನು ಹೇಳಿದಳು, ತಪ್ಪು ತನ್ನದೆಂದು ಹೇಳಿದಳು. ಹನ್ನೊಂದು ವರ್ಷದ ಗಂಟು ಬಿಚ್ಚಿದಾಗ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದಳು. ಸಾಹೇಬರು ಕಡ್ಡಿ ಎತ್ತಿಕೊಂಡು ದವಡೆಯ ಹಲ್ಲಿಗೆ ಹಾಕಿದರು.

"ಅದಕ್ಕೇನೀಗ?"

"ಸಾರ್?"

"ನನಗೆ ಗೊತ್ತಿಲ್ವೇನಮ್ಮಾ? ಭಾನುವಾರ ಗೇಟಿನ ಬೀಗದ ಕೈ ಇರೋದು ನನ್ನ ಮನೇಲಿ. ಆ ಐವತ್ತನಾಲ್ಕು ಕಿಲೋಮೀಟರ್ ನೀನು ಬೆನ್ನ ಮೇಲೆ ಹೊತ್ತು ಓಡಿಸ್ತೀಯಾ ಅಂತ ಸಹಿ ಹಾಕ್ತಿದ್ನಾ ನಾನು?"

ಅವಳು ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದ ಪಾಪ ಈ ಮನುಷ್ಯನ ಬಾಯಲ್ಲಿ ಎಲೆಯಡಿಕೆಯಂತೆ ಹೊರಳುತ್ತಿತ್ತು. ಹೊರಲು ಪಾಲುದಾರ ಸಿಕ್ಕಿದನೆಂದು ಹಗುರವಾಗಲಿಲ್ಲ. ತನ್ನ ತಟ್ಟೆಯಲ್ಲಿ ಇನ್ನೊಬ್ಬರು ಕೈತೊಳೆದ ಹಾಗಾಯಿತು.

"ಹಾಗಾದ್ರೆ ದೊಡ್ಡ ಬ್ಯಾಟರಿ..."

"ದೊಡ್ಡದು ಬೇಕು ಅಂದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂದ್ರೆ ಪುಸ್ತಕ ತೆಗೀತಾರೆ. ಬೇಡ. ಗಾಡಿ ಪುಸ್ತಕದಲ್ಲಿ ಎಷ್ಟು ಓಡಿದೆಯೋ ಅಷ್ಟೇ ಓಡಲಿ. ಮೇಲಿನ ಕಾಲೊನಿ ನಿಲುಗಡೆ ಪಟ್ಟಿಯಲ್ಲೇ ಇಲ್ಲ, ನೀವು ಧರ್ಮಕ್ಕೆ ಹೋಗ್ತಿದ್ರಿ. ಅವರು ಟ್ಯಾಂಕಿನ ಹತ್ರ ಇಳಿದು ಬರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮಾ."

"ಟ್ಯಾಂಕಿನ ತನಕವೂ ಹೋಗಿ ಬರೋಕಾಗಲ್ಲ ಸಾರ್. ನೂರಹತ್ತು ಅಂದ್ರೆ ಆ ಮೂವರನ್ನ ಕೈಬಿಡಬೇಕಾಗುತ್ತೆ."

"ಬಿಡೋಣ. ಏಳರಲ್ಲಿ ನಾಲ್ಕು ಜನ ಬಂದ್ರೂ ಸೇವೆ ಸೇವೆನೇ." ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ ದನಿ ತಗ್ಗಿಸಿದರು. "ನಿನ್ನ ತಂಗಿ ಅಲ್ಲೇ ಇರೋದಲ್ವಾ? ಅದರ ಚಿಂತೆ ಬಿಡು. ನನ್ನ ಕಾರು ಕಳಿಸ್ತೀನಿ. ಮನೆ ಬಾಗಿಲಿಗೇ ಬರುತ್ತೆ. ನಮ್ಮವರನ್ನ ನಾವು ನೋಡ್ಕೊಳ್ಳದೆ ಇರ್ತೀವಾ?"

ಒಂದು ಗಳಿಗೆ, ಒಂದೇ ಗಳಿಗೆ, ಅವಳಿಗೆ ಹಾಯೆನಿಸಿತು. ತಂಗಿ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿರುವುದನ್ನು ಅವಳು ಕಂಡಳು. ಆಮೇಲೆ ಕಂಡದ್ದು ಆ ಹಾಯೆನಿಸಿದ ತನ್ನನ್ನು. ಹೊರಗೆ ಬಂದು ಕೈತೊಳೆಯುವ ನಲ್ಲಿಯ ಮುಂದೆ ಬಗ್ಗಿ ನಿಂತಳು. ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು.

ತಲೆ ಎತ್ತಿದವಳು ನೇರವಾಗಿ ಯೋಜನೆಯಾಕೆಯ ಕೋಣೆಗೆ ನಡೆದಳು.

"ನಾಳೆ ಬೆಳಿಗ್ಗೆ ಡಯಾಲಿಸಿಸ್ ಗಾಡೀಲಿ ಕೂತು ಬರ್ತೀರಾ?"

"ಯಾಕೆ ಮೇಡಂ? ಲೆಕ್ಕ ಎಲ್ಲಾ ಆಗಿದೆಯಲ್ಲ?"

"ಅದಕ್ಕೇ."

ಶುಕ್ರವಾರ ಮಾಮ ಮೀಟರಿನ ಗುಂಡಿ ಒತ್ತಿ ಸೊನ್ನೆ ಮಾಡಿದ. ಯೋಜನೆಯಾಕೆ ಮುಂದಿನ ಸೀಟು, ಪುಸ್ತಕದಕ್ಕ ಹಿಂದೆ. ಮೊದಲ ರೋಗಿ ಬೇಕರಿಯ ಮಹಡಿಯಿಂದ ಇಳಿದು ಬಂದರು. ಎರಡನೆಯವರು ಹಳಿಯ ಆಚೆಯ ಬೀದಿ. ಮೂರು, ನಾಲ್ಕು, ಕಾರ್ಖಾನೆಯ ಹಿಂದೆ. ಟ್ಯಾಂಕಿನ ಏರಿಗೆ ಬಂದಾಗ ಗಾಡಿ ಎರಡನೆಯ ಗೇರಿಗೆ ಇಳಿದು ಏದುಸಿರು ಬಿಟ್ಟಿತು. ಮೇಲೆ ತಂಗಿ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಯೋಜನೆಯಾಕೆ ಇಳಿದು ಅವಳನ್ನು ಕೈಹಿಡಿದು ಹತ್ತಿಸಿದಳು. ಆಸ್ಪತ್ರೆಯ ಅಂಗಳ ತಲುಪಿದಾಗ ಮೀಟರಿನಲ್ಲಿ ಅರವತ್ತಮೂರು.

"ಇನ್ನು ವಾಪಸ್ಸು ಬಿಡೋಕೂ ಇಷ್ಟೇ," ಎಂದ ಮಾಮ, ಯಾರನ್ನೂ ನೋಡದೆ.

ಆಕೆ ಲ್ಯಾಪ್‌ಟಾಪ್ ತೆರೆಯಲೂ ಇಲ್ಲ. ಮುಖ ಮಾತ್ರ ಬೂದಿಯಾಗಿತ್ತು. "ಭಾನುವಾರ?"

"ಶೆಡ್ಡಿಗೇ ಬೀಗ," ಎಂದಳು ಪುಸ್ತಕದಕ್ಕ.

"ನಾನು ಹದಿನಾಲ್ಕು ಗಾಡಿಗೆ... ಛೇ! ಎರಡು ತಿಂಗಳು ಕೂತು ನಿಮ್ಮ ಕಸಕ್ಕೆ ಬಣ್ಣ ಬಳಿದ್ನಾ ನಾನು?" ಆಕೆಯ ಕಣ್ಣಲ್ಲಿದ್ದುದು ಕೋಪವಲ್ಲ, ಚಪ್ಪಲಿಗೆ ಮೆತ್ತಿದ್ದನ್ನು ನೋಡುವ ನೋಟ. ಪುಸ್ತಕದಕ್ಕ ಆ ನೋಟವನ್ನು ತಪ್ಪಿಸಿಕೊಳ್ಳಲಿಲ್ಲ. ಅದು ಸಲ್ಲಬೇಕಾದ್ದು ಸಲ್ಲುವಲ್ಲಿಗೆ ಬಂದಿತ್ತು.

ಯೋಜನೆಯಾಕೆ ಗೋಡೆಯತ್ತ ನೋಡಿದಳು. "ಗಾಡಿ ಎಷ್ಟು ಹೊತ್ತು ಇಲ್ಲಿ ನಿಲ್ಲುತ್ತೆ?"

"ನಾಲ್ಕು ಗಂಟೆ," ಎಂದ ಮಾಮ. "ಅವರು ಮಿಷಿನ್ನಲ್ಲಿ ಇರೋ ತನಕ. ಹನ್ನೊಂದು ವರ್ಷದಿಂದ ಈ ಗೋಡೆಗೆ ನಾನೇ ಕಾವಲು."

"ಒಗೆಯೋ ಕೋಣೆಗೆ ದೊಡ್ಡ ಲೈನ್ ಇರಬೇಕಲ್ಲ... ಇಲ್ಲೇ ಒಂದು ಚಾರ್ಜರ್ ಇದ್ರೆ, ಈ ನಾಲ್ಕು ಗಂಟೇಲಿ ಮತ್ತೆ ತುಂಬುತ್ತೆ. ಇದೇ ಗಾಡಿ ಸಾಕಾಗಬಹುದು. ಅಷ್ಟೇ ಬೇಕಾಗಿದ್ದು! ಪುಸ್ತಕದಲ್ಲಿ ಗಾಡಿ ನಿಲ್ಲೋದೇ ಕಾಣಲ್ಲ." ಆಮೇಲೆ ತಿರುಗಿ ಹೇಳಿದಳು: "ಆದ್ರೆ ನನ್ನ ಒಂದು ದಿನದ ಮಾತು ನಡೆಯಲ್ಲ. ಹನ್ನೊಂದು ವರ್ಷದ ಸಹಿ ಆ ಕಡೆ ಇದೆ. ಪುಸ್ತಕ ಸುಳ್ಳು ಅಂತ ಬರೆದವರೇ ಬರೆದು ಕೊಡಬೇಕು. ಮೂರು ಗಂಟೆಯೊಳಗೆ."

ಪುಸ್ತಕದಕ್ಕ ಮಾಮನ ಕಡೆ ನೋಡಿದಳು.

"ನೋಡಬೇಡ. ನಾನಾಗಲೇ ಹೇಳಿದೀನಿ."

"ಸಾಹೇಬರಿಗೆ ಗೊತ್ತಂತೆ ಮಾಮ. ಮೊದಲಿಂದ್ಲೂ. ಮೇಲಿನ ಕಾಲೊನಿ ಬಿಟ್ಟುಬಿಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂದ್ರು."

ಮಾಮ ಲೋಟದ ತಳದ ಚಹಾವನ್ನು ಗೋಡೆಗೆ ಎರಚಿದ. "ಹಾಸಿಗೆ ಚಿಕ್ಕದಾಯ್ತು ಅಂತ ಕಾಲು ಕಡೀತಾನಂತಾ, ಥೂ!" ಸೀಟಿನ ಅಡಿಗೆ ಕೈ ಹಾಕಿದ. "ಕೊಡ್ತೀನಿ. ಆದ್ರೆ ಬೈದು ಕೊಡ್ತೀನಿ. ನೀನು ಅವತ್ತು ಆ ಮೂರು ಸಹಿಗೆ ಅವನ ಬಾಗಿಲಲ್ಲಿ ಕೂತು ಗಲಾಟೆ ಮಾಡಿದ್ರೆ ಇವತ್ತು ಈ ಕರ್ಮ ಇರ್ತಿರಲಿಲ್ಲ. ಎಪ್ಪತ್ತೊಂಬತ್ತಂತೆ, ಎಪ್ಪತ್ತೊಂಬತ್ತು! ಅಷ್ಟು ಸುಲಭದ ಉಪಕಾರ ಯಾರಿಗೂ ಮಾಡಬಾರದು ಕಣಮ್ಮಾ."

ಅವಳು ಆ ಮೆಟ್ಟಿಲ ಮೇಲೆಯೇ ಕೂತು ಬರೆದಳು. ಮೊದಲ ಹಾಳೆ ತುಂಬಿತು. ಎರಡನೆಯದು ಅದಕ್ಕೆ ಅಂಟಿಕೊಂಡಿತ್ತು. ಬಿಡಿಸಲೆಂದು ಬೆರಳು ತಾನಾಗಿ ಮೇಲೆದ್ದು ನಾಲಿಗೆಯನ್ನು ಮುಟ್ಟಿತು. ಅವಳು ಬೆಚ್ಚಿದಳು. ಎಷ್ಟು ವರ್ಷದಿಂದ ಈ ಬೆರಳು ಹೀಗೆ ಮಾಡುತ್ತಿದೆ? ಪುಸ್ತಕದ ಆ ಮೂಲೆಗಳಲ್ಲಿ ಅವರದೆಷ್ಟು, ತನ್ನದೆಷ್ಟು? ಬೆರಳನ್ನು ಬಟ್ಟೆಗೆ ಕೆಂಪಾಗುವಷ್ಟು ಉಜ್ಜಿ, ಒಣಗಿದ ಕೈಯಿಂದ ಮುಂದೆ ಬರೆದಳು. ಸಾಹೇಬರು ಗುರುವಾರ ಆಡಿದ ಮಾತನ್ನೂ, ಕಾರಿನ ಮಾತನ್ನೂ, ಒಂದಕ್ಷರ ಬಿಡದೆ ಬರೆದಳು. ಕೊನೆಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಆ ಹೆಸರು ನೋಡಿ ಮಾಮ, "ಇದ್ಯಾರು?" ಎಂದ.

ಮೂರು ಗಂಟೆಗೆ ಕಡತ ನಿಂತಿತು.

ಐದು ವಾರದಲ್ಲಿ ಅದು ಬೇರೆಯಾಗಿ ಹೊರಟಿತು. ಒಗೆಯುವ ಕೋಣೆಯ ಗೋಡೆಗೆ ಚಾರ್ಜರ್, ಮೇಲಿನ ಕಾಲೊನಿ ನಿಲುಗಡೆಯ ಪಟ್ಟಿಗೆ, ಎಂಬತ್ತರ ನಿಯಮ ರದ್ದು. ಹೊಸ ಗಾಡಿ ಆರು ತಿಂಗಳು ಓಡಿ ತೋರಿಸುವ ತನಕ ಹಳೆಯ ಡಯಾಲಿಸಿಸ್ ಗಾಡಿ ಶೆಡ್ಡಿನಲ್ಲೇ. ಅಂಗಳದ ಚಾರ್ಜರ್ ಯಾರ ಸಲಹೆ ಎಂದು ಕಡತದಲ್ಲಿ ಒಂದು ಸಾಲಿತ್ತು: ಸಾಹೇಬರದು. ವಿಚಾರಣೆಯಲ್ಲಿ ಅವರು ಕರವಸ್ತ್ರದಿಂದ ಹಣೆ ಒತ್ತಿಕೊಂಡು, "ನನ್ನ ಮೂಗಿನಡಿಯಲ್ಲೇ ಹೀಗೆ ನಡೆಯಿತಲ್ಲ, ನನಗೆ ಆಘಾತವಾಗಿದೆ," ಎಂದರಂತೆ. ಕಾರಿನ ಮಾತು ಅವರಿಗೆ ನೆನಪೇ ಇರಲಿಲ್ಲವಂತೆ. ಅವರನ್ನು ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಪುಸ್ತಕದಕ್ಕನನ್ನು ಕೆಲಸದಿಂದ ದೂರ ಇಟ್ಟರು. ಮಾಮನಿಗೆ ಗಾಡಿ ಕೊಡಲಿಲ್ಲ. ಗೇಟಿನ ಬಳಿ ಸ್ಟೂಲ್ ಕೊಟ್ಟರು.

ಪುಸ್ತಕಗಳನ್ನು ಒಪ್ಪಿಸಲು ಅವಳು ಒಂದು ಸೋಮವಾರ ಶೆಡ್ಡಿಗೆ ಬಂದಾಗ ಡ್ರೈವರುಗಳು ಬೆನ್ನು ತಿರುಗಿಸಿ ಟೈರು ಒದೆಯುತ್ತಾ ನಿಂತರು. ಒಬ್ಬ ಮಾತ್ರ ಕೇಳಿಸುವ ಹಾಗೆ ಹೇಳಿದ: "ಮುಳುಗೋಳು ಒಬ್ಬಳೇ ಮುಳುಗಬಾರದಾಗಿತ್ತಾ?" ಅವಳು ಅದಕ್ಕೆ ತಲೆ ಬಾಗಿಸಿದಳು. ಅದರಲ್ಲಿ ನಿಜ ಇತ್ತು.

ವಿಚಾರಣೆಯಾತ ಮೇಜಿನ ಮೇಲೆ ಹದಿನಾಲ್ಕು ಪುಸ್ತಕ ಎಣಿಸಿ, ಒಪ್ಪಿಸಿದ ಪಟ್ಟಿಯನ್ನು ಅವಳತ್ತ ತಳ್ಳಿದ. ಯುವಕ, ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು.

"ಇಲ್ಲಿ ಸಹಿ ಮೇಡಂ. ತಾರೀಕು ಮಾತ್ರ ಶನಿವಾರದ್ದು ಹಾಕಿ. ಶನಿವಾರದೊಳಗೆ ಮುಗಿಸಬೇಕು ಅಂತ ಆದೇಶ ಇತ್ತು, ತಡ ಆಯ್ತು. ಎರಡು ದಿನ ತಾನೇ?"

ಅವಳು ಅವನ ಮುಖ ನೋಡಿದಳು. ಅಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನ ಪಕ್ಕದಲ್ಲಿ ಪುಸ್ತಕಗಳ ಕಂದು ಮೂಲೆಗಳು ಒಂದರ ಮೇಲೊಂದು ಬಾಯಿ ತೆರೆದುಕೊಂಡಿದ್ದವು. ಆ ಹಳೆಯ ಹುಳಿನೀರು ಮತ್ತೆ ನಾಲಿಗೆಯ ಬುಡಕ್ಕೆ ಬಂತು.

"ಇವತ್ತು ಸೋಮವಾರ," ಎಂದಳು.

"ಹೌದು, ಆದ್ರೆ—"

"ಸೋಮವಾರ ಅಂತಲೇ ಬರೀತೀನಿ. ಬೇಡ ಅಂದ್ರೆ ಸಹಿ ಇಲ್ಲ. ಕಾರಣ ಬರೆದು ನೀವು ಯಾರ ಸಹಿ ಬೇಕೋ ತನ್ನಿ. ಅಲ್ಲೀವರೆಗೂ ಇಲ್ಲೇ ಕೂತಿರ್ತೀನಿ."

ಅವಳು ಕುರ್ಚಿ ಎಳೆದು ಕೂತಳು. ವಿಚಾರಣೆಯಾತ ಗಡಿಯಾರ ನೋಡಿದ, ಬಾಗಿಲು ನೋಡಿದ. ಹೊರಗೆ ಗೇಟು ತೆರೆದ ಸದ್ದಾಯಿತು. ಹೊಸದು ಬರುವ ತನಕ ಓಡಬೇಕಾದ ಹಳೆಯ ಡಯಾಲಿಸಿಸ್ ಗಾಡಿ ಹೊಸ ಡ್ರೈವರನ ಕೈಯಲ್ಲಿ ಹೊರಟಿತ್ತು. ಸ್ಟೂಲಿನ ಮೇಲಿಂದ ಮಾಮ ಕೂಗುವುದು ಒಳಗಿನವರೆಗೂ ಕೇಳಿಸಿತು: "ಏಯ್, ಏರಿನ ಹತ್ರ ಎರಡನೇ ಗೇರು! ಮೀಟರ್ ಸೊನ್ನೆ ಮಾಡಿದ್ಯೇನೋ?"

"ಆಯ್ತು, ಸೋಮವಾರವೇ ಹಾಕಿ," ಎಂದ ವಿಚಾರಣೆಯಾತ, ಬೇಸರದಿಂದ.

ಅವಳು ಹಾಕಿದಳು.